ದೊರೆಯ ಮುಖಕ್ಕೆ ಕುಳಿತ ಮುದಕಪ್ಪ

ಯಾವ ದೊರೆ, ಲಕ್ಷ್ಮೇಶ್ವರದ ಯಾವ ಸಭಾಭವನ ಎಂದು ನನ್ನನ್ನು ಕೇಳಬೇಡಿ. ಹೇಳುವುದಿಲ್ಲ. ಆ ದೊರೆಯ ವಂಶದವರು ಇವತ್ತಿಗೂ ತಮ್ಮ ಮದುವೆ, ಸೀಮಂತದ ಫೋಟೋಗಳಿಗೆ ಚೌಕಟ್ಟು ಹಾಕಿಸಲು ಬೆಟಗೇರಿಯ ನನ್ನ ಅಂಗಡಿಗೇ ಬರುತ್ತಾರೆ. ನನ್ನ ಗಿರಾಕಿ ನನಗೆ ಬೇಕು. ಅಲ್ಲದೆ ನಾನು ಹೇಳಹೊರಟದ್ದು ದೊರೆಯ ಕಥೆಯೂ ಅಲ್ಲ, ನನ್ನ ಕಾಕಾ ಮುದಕಪ್ಪನದು. ನನ್ನ ತಾಯಿಯ ತಂಗಿ, ಅಂದರೆ ನನ್ನ ಚಿಗವ್ವ, ಸಿದ್ದಲಿಂಗವ್ವನ ಗಂಡ ಅವನು. ಶಿಗ್ಲಿಯಿಂದ ಲಕ್ಷ್ಮೇಶ್ವರಕ್ಕೆ ಮೂರು ಗಾಲಿಯ ಟಂಟಂ ಓಡಿಸುತ್ತಾನೆ. ಆ ದಾರಿಯಲ್ಲಿ ನೀವು ಓಡಾಡಿದ್ದರೆ ಅವನ ಗಾಡಿಯಲ್ಲಿ ಒಮ್ಮೆಯಾದರೂ ಇಕ್ಕಟ್ಟಿನಲ್ಲಿ ಕುಳಿತಿರುತ್ತೀರಿ.

ಒಂದು ಕಡೆ ನೆಲೆ ನಿಂತವನಲ್ಲ ಕಾಕಾ. ಹುಟ್ಟಿದ್ದು ಡಂಬಳದಲ್ಲಿ. ಅಪ್ಪನ ಹೊಲದಲ್ಲಿ ಕಳೆ ತೆಗೆಯಲು ಕೂಡಿಸಿದರೆ ಎರಡು ಸಾಲು ಮುಗಿಯುವಷ್ಟರಲ್ಲಿ ಬೇಸರ ಬಂದು ಕೆರೆಯ ದಂಡೆಗೆ ಹೋಗಿ ನಿಲ್ಲುತ್ತಿದ್ದನಂತೆ. ಗದಗಿನ ಹತ್ತಿ ಜಿನ್ನಿಗೆ ಸೇರಿ ಬಿಟ್ಟ. ಹುಬ್ಬಳ್ಳಿಯ ಖಾನಾವಳಿಯಲ್ಲಿ ರೊಟ್ಟಿ ಬಡಿಸಿ ಬಿಟ್ಟ. ಲಾರಿಯ ಕ್ಲೀನರ್ ಆಗಿ ಸೊಲ್ಲಾಪುರ ನೋಡಿ ಬಂದು ಅದನ್ನೂ ಬಿಟ್ಟ. ಮದುವೆಯ ದಿನ ಅಕ್ಷತೆ ಬೀಳುವ ಹೊತ್ತಿಗೆ ಹಂದರದ ಮೈಕು ಕಿರುಚಿತೆಂದು ಬಾಸಿಂಗ ಕಟ್ಟಿಕೊಂಡೇ ಎದ್ದು ಹೋಗಿ, ವೈರು ತಿರುವಿ ಸರಿಮಾಡಿ ಬಂದ ಗಂಡು ಅವನು. ಚಿಗವ್ವ ಜಗಳ ಬಂದಾಗಲೆಲ್ಲ ಆ ಮಾತು ತೆಗೆಯುತ್ತಾಳೆ. ಕಡೆಗೆ ಟಂಟಂ ಬಂದ ಮೇಲೆ ಅವನ ಜೀವಕ್ಕೆ ಸರಿಹೋಯಿತು. ಗಾಡಿ ತುಂಬುವ ತನಕ ಸ್ಟ್ಯಾಂಡಿನಲ್ಲಿ ಕೂಗುತ್ತಾ ಸುತ್ತುವುದು, ತುಂಬಿದ ಮೇಲೆ ಓಡುವುದು. ಊಟವನ್ನೂ ನಿಂತುಕೊಂಡೇ ಮಾಡುತ್ತಾನೆ.

ಚಿಗವ್ವನ ಚಡಪಡಿಕೆ ಬೇರೆ ತರಹದ್ದು. ಅವಳ ಕಾಲು ಮನೆಯಲ್ಲೇ ಇರುತ್ತದೆ, ಜೀವ ಮಾತ್ರ ದಾರಿಯ ಮೇಲೆ. ಗಾಡಿ ಬರುವುದು ಸ್ವಲ್ಪ ತಡವಾದರೆ ಸಾಕು, ಹೊಸ್ತಿಲಿಗೆ ಬಂದು ನಿಲ್ಲುತ್ತಾಳೆ. ಒಬ್ಬಳೇ ಮಗಳು, ಕುರ್ತಕೋಟಿಗೆ ಕೊಟ್ಟಿದ್ದಾರೆ, ಅವಳ ಚಿಂತೆ ಒಂದು. ಗಂಡನ ಚಿಂತೆ ಹತ್ತು. ಅವನು ಕೆಮ್ಮಿದರೆ ಇವಳಿಗೆ ಎದೆನೋವು. ನನಗೆ ಒಮ್ಮೊಮ್ಮೆ ರೇಗುತ್ತದೆ. ಇಷ್ಟು ಕಾಳಜಿ ಮಾಡುವವಳು ಒಂದು ದಿನವಾದರೂ ಅವನ ಮುಂದೆ ಮೆತ್ತಗೆ ಮಾತಾಡಿದ್ದರೆ ಕೇಳಿ. ಬಾಯಿ ತೆಗೆದರೆ ಬೈಗುಳ. ಅವನೂ ಅಷ್ಟೆ, ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿರಲಿಲ್ಲ.

ಇನ್ನು ಚಿತ್ರದ ವಿಷಯ. ನನ್ನ ಅಂಗಡಿಯ ಮೇಲಿನ ಅಟ್ಟದಲ್ಲಿ ನಂದೀಶ ಎಂಬ ಚಿತ್ರಕಾರನಿದ್ದಾನೆ. ಚಿತ್ರಕಲಾ ಶಾಲೆಯಲ್ಲಿ ಕಲಿತು ಬಂದು, ಎಣ್ಣೆಬಣ್ಣದಲ್ಲಿ ಮಠದ ಸ್ವಾಮಿಗಳನ್ನೂ ಪುಢಾರಿಗಳನ್ನೂ ಬರೆದು ಹೊಟ್ಟೆ ಹೊರೆಯುತ್ತಾನೆ. ಅವನು ಬರೆಯುತ್ತಾನೆ, ನಾನು ಚೌಕಟ್ಟು ಹಾಕುತ್ತೇನೆ. ಅವನನ್ನು ಹುಡುಕಿಕೊಂಡು ಲಕ್ಷ್ಮೇಶ್ವರದ ಬಟ್ಟೆ ವ್ಯಾಪಾರಿ ಪುಂಡಲೀಕಪ್ಪನವರು ಬಂದರು. ಊರಲ್ಲಿ ಹೊಸದಾಗಿ ಕಟ್ಟಿದ ಸಭಾಭವನಕ್ಕೆ ಹಳೆಯ ದೊರೆಯ ಹೆಸರು ಇಟ್ಟಿದ್ದಾರೆ, ಇವರು ಅದರ ಸಮಿತಿಯ ಅಧ್ಯಕ್ಷರು, ವೇದಿಕೆಯ ಹಿಂದಿನ ಗೋಡೆಗೆ ದೊರೆಯದೊಂದು ಆಳೆತ್ತರದ ಚಿತ್ರ ಬೇಕಂತೆ. ಎಂಥದು ಬೇಕು ಎಂದು ಕೇಳಿದ್ದಕ್ಕೆ ಮೊಬೈಲು ತೆಗೆದು ಫ್ರಾನ್ಸಿನ ನೆಪೋಲಿಯನ್ನನ ಚಿತ್ರ ತೋರಿಸಿದರು. ಸಿಂಹಾಸನ, ಮಖಮಲ್ಲಿನ ನಿಲುವಂಗಿ, ಎರಡೂ ಕೈಯಲ್ಲಿ ಉದ್ದನೆಯ ದಂಡ, ತಲೆಗೆ ಬಂಗಾರದ ಎಲೆಗಳ ಕಿರೀಟ, ಮುಖ ನೆಟ್ಟಗೆ ನಮ್ಮನ್ನೇ ನೋಡುತ್ತಿದೆ. ನಮ್ಮ ದೊರೆ ಇವನಿಗಿಂತ ಏನು ಕಡಿಮೆ ಇದ್ದ ಎಂಬುದು ಅವರ ಪ್ರಶ್ನೆ. ಎಲೆಗಳ ಕಿರೀಟದ ಬದಲು ನಮ್ಮ ಕಡೆಯ ಪೇಟ, ಅಂಗಿಯ ಮೇಲೆ ಜರಿಯ ಶಲ್ಯ, ಉಳಿದದ್ದೆಲ್ಲ ಹಾಗೇ ಇರಲಿ ಎಂದರು.

ನಂದೀಶನಿಗೆ ಮೈಮೇಲೆ ಬಂದಂತಾಯಿತು. ಇದು ನವಶಾಸ್ತ್ರೀಯ ಶೈಲಿ, ಗ್ರೀಕರ, ರೋಮನ್ನರ ಕಲ್ಲಿನ ವಿಗ್ರಹಗಳನ್ನು ನೋಡಿ ನೋಡಿ ಬರೆದದ್ದು, ಕುಂಚದ ಗೆರೆ ಒಂದೂ ಕಣ್ಣಿಗೆ ಬೀಳಬಾರದು, ಮುಖದ ಮೇಲೆ ಸಿಟ್ಟು ಸೆಡವು ನಗು ಯಾವುದೂ ಇರಬಾರದು, ಆಳುವವನು ಮನುಷ್ಯನಲ್ಲ ಮೂರ್ತಿ ಎಂದು ನೋಡಿದವರಿಗೆ ಅನ್ನಿಸಬೇಕು. ಹೀಗೆ ನಾನು ತರಿಸಿದ ಚಹಾ ಆರಿ ಹೋಗುವ ತನಕ ಹೇಳಿದ. ಪುಂಡಲೀಕಪ್ಪನವರು ಎಲ್ಲದಕ್ಕೂ ಹೂಂ ಎಂದರು. ತೊಡಕು ಒಂದೇ. ಆ ದೊರೆ ಹೇಗಿದ್ದ ಎಂದು ಯಾರಿಗೂ ಗೊತ್ತಿಲ್ಲ. ವಂಶದವರ ಹತ್ತಿರ ಒಂದು ಖಡ್ಗವಿದೆ, ಒಂದು ಹರಕು ಶಾಲು ಇದೆ, ಮುಖ ಇಲ್ಲ. ಈ ಶೈಲಿಯಲ್ಲಿ ಬರೆಯಲು ಜೀವಂತ ಮನುಷ್ಯ ಎದುರಿಗೆ ಕೂರಲೇಬೇಕು ಎಂದು ನಂದೀಶ ಹಟ ಹಿಡಿದ. ಅಲ್ಲಿಂದ ಮುಂದೆ ಅಂಗಡಿಗೆ ಬಂದ ಗಂಡಸರನ್ನೆಲ್ಲ ಅವನು ದುರುಗುಟ್ಟಿ ನೋಡತೊಡಗಿದ. ಗಿರಾಕಿಗಳು ನನ್ನನ್ನು ಕೇಳುತ್ತಿದ್ದರು, ಅವನಿಗೆ ತಲೆ ಸರಿ ಇದೆಯೋ ಇಲ್ಲವೋ ಎಂದು.

ಅಂಥದರಲ್ಲಿ ಒಂದು ದಿನ ಕಾಕಾ ತನ್ನ ಟಂಟಮ್ಮಿನ ಒಡೆದ ಕನ್ನಡಿ ಹಿಡಿದುಕೊಂಡು ಬಂದ. ಬಂದವನು ಸುಮ್ಮನಿದ್ದನೇ, ಗಾಜಿನ ಚೂರುಗಳ ಡಬ್ಬಿಯಲ್ಲಿ ಕೈಯಾಡಿಸಿದ. ಅಂಗೈಗೆ ಸಣ್ಣ ಚೂರೊಂದು ಹೊಕ್ಕಿತು. ಅದನ್ನು ತೆಗೆಯುವ ತನಕ ಅಲುಗಾಡಿದರೆ ಒಳಗೆ ಮುರಿಯುತ್ತದೆ ಎಂದು ನಾನು ಹೆದರಿಸಿದೆ. ಕಾಕಾ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ, ಉಸಿರು ಹಿಡಿದು, ಎದುರಿನ ಗೋಡೆ ನೋಡುತ್ತಾ ಕುಳಿತ. ನಾನು ಚಿಮಟಿಗೆ ಹಿಡಿದು ಬಗ್ಗಿದ್ದವಳು ತಲೆ ಎತ್ತಿದರೆ ನಂದೀಶ ಮೆಟ್ಟಿಲ ಮೇಲೆ ನಿಂತುಬಿಟ್ಟಿದ್ದಾನೆ. ನಾನೂ ನೋಡಿದೆ. ಅಗಲ ಹಣೆ, ಗಿಣಿಮೂಗು, ತುಂಬು ಮೀಸೆ, ದೊಡ್ಡ ಕಣ್ಣು. ಖರೆ ಹೇಳುತ್ತೇನೆ, ಅದು ರಾಜನ ಮುಖವೇ. ಇಷ್ಟು ವರ್ಷ ನಮಗೆ ಯಾರಿಗೂ ಕಂಡಿರಲಿಲ್ಲ, ಏಕೆಂದರೆ ಆ ಮುಖ ಎಂದೂ ಒಂದು ಕಡೆ ನಿಂತಿರಲಿಲ್ಲ.

ಒಪ್ಪಿಸುವುದು ಕಷ್ಟವಾಗಲಿಲ್ಲ, ಕೂರಿಸುವುದು ಕಷ್ಟವಾಯಿತು. ನಾಟಕ ಕಂಪನಿಯವರಿಂದ ಮಖಮಲ್ಲಿನ ನಿಲುವಂಗಿ ತಂದು ಹೊದಿಸಿ, ಪೇಟ ಸುತ್ತಿ, ರಾಜದಂಡಗಳ ಬದಲು ನನ್ನ ಅಂಗಡಿಯ ಚೌಕಟ್ಟಿನ ಪಟ್ಟಿಗಳನ್ನು ಕೈಗೆ ಕೊಟ್ಟು ಕೂರಿಸಿದರೆ, ನಂದೀಶ ಬಣ್ಣ ಕಲಸುವಷ್ಟರಲ್ಲಿ ಸಿಂಹಾಸನ ಖಾಲಿ. ಒಮ್ಮೆ ಫೋನು ಬಂತೆಂದು ಎದ್ದ. ಒಮ್ಮೆ ಕೆಳಗೆ ಬಸ್ಸಿನ ಹಾರ್ನು ವಿಚಿತ್ರವಾಗಿ ಕೇಳಿತೆಂದು ಎದ್ದ. ಒಂದು ದಿನ ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅದೇ ನಿಲುವಂಗಿಯಲ್ಲಿ ನನ್ನ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಯಾರೋ ಮುದುಕಿಗೆ ಚೌಕಟ್ಟು ಮಾರುತ್ತಿದ್ದ. ಆಕೆ ಪಾಪ, ಹೆದರಿ ಚೌಕಾಸಿಯನ್ನೂ ಮಾಡದೆ ತೆಗೆದುಕೊಂಡು ಹೋದಳು. ನಂದೀಶ ಅಳುವುದೊಂದು ಬಾಕಿ. ಕಡೆಗೆ ನಾನು ಚಿಗವ್ವನಿಗೆ ಫೋನು ಮಾಡಿದೆ.

ಅವಳು ರೊಟ್ಟಿಯ ಗಂಟು ಹಿಡಿದು ಶಿಗ್ಲಿಯಿಂದ ಬಂದಳು. ಅಟ್ಟ ಹತ್ತಿ, ಗಂಡನನ್ನು ಮೇಲಿಂದ ಕೆಳಗೆ ನೋಡಿ, ಅವನ ಎದುರಿಗೆ ಒಂದು ಮಣೆ ಹಾಕಿಕೊಂಡು ಕುಳಿತು ಮೊರದಲ್ಲಿ ತೊಗರಿಬೇಳೆ ಆರಿಸತೊಡಗಿದಳು. ಅವನು ಮೈ ಕೊಸರಿದಾಗಲೆಲ್ಲ ತಲೆ ಎತ್ತಿ ಒಮ್ಮೆ ನೋಡುವಳು. ಅವನು ಮತ್ತೆ ಸರಿಯಾಗಿ ಕೂರುವನು. ಹೀಗೆ ಅವಳು ದಿನಾ ಬರತೊಡಗಿದಳು, ಚಿತ್ರ ಮುಗಿಯುವ ತನಕ ಬಂದಳು. ಮದುವೆಯಾದಾಗಿನಿಂದ ಇವನು ಇಷ್ಟು ಹೊತ್ತು ನನ್ನ ಕಣ್ಣ ಮುಂದೆ ಇದ್ದದ್ದು ಇದೇ ಮೊದಲು ಎಂದು ನನ್ನ ಹತ್ತಿರ ಹೇಳಿ ನಕ್ಕಳು. ಆ ದಿನಗಳಲ್ಲಿ ಅವಳ ಮುಖದ ಮೇಲೆ ಇದ್ದ ಸಮಾಧಾನವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಚಿತ್ರ ಮುಗಿದಾಗ ನನಗೇ ಕೈ ಮುಗಿಯಬೇಕೆನ್ನಿಸಿತು. ಮಖಮಲ್ಲಿನ ಮಡಿಕೆಗಳನ್ನು ಮುಟ್ಟಿ ನೋಡಬೇಕು, ಹಾಗಿತ್ತು. ಮುಖ ಹಾಲುಗಲ್ಲು. ಕಾಕಾ ತನ್ನ ಚಿತ್ರದ ಮುಂದೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡಾಡಿದ. ಎಲ್ಲಿಗೆ ಹೋದರೂ ಅದು ತನ್ನನ್ನೇ ನೋಡುತ್ತದೆ ಎಂದು ಅವನಿಗೆ ಹಿಗ್ಗು. ನಾನು ಸಾಗವಾನಿ ಕಟ್ಟಿಗೆಯ ಚೌಕಟ್ಟು ಹಾಕಿದೆ. ಎಣ್ಣೆಬಣ್ಣಕ್ಕೆ ಗಾಜು ಬೇಡ ಎಂದು ನಂದೀಶ ಎಷ್ಟು ಹೇಳಿದರೂ ಪುಂಡಲೀಕಪ್ಪನವರು ಕೇಳದೆ ಗಾಜು ಹಾಕಿಸಿದರು. ಕುಂಕುಮ ಎಲ್ಲಿ ಹಚ್ಚಬೇಕು ಮತ್ತೆ ಎಂದರು.

ಬನ್ನಿ ಹಬ್ಬದ ದಿನ ಉದ್ಘಾಟನೆ. ನಾವೆಲ್ಲ ಹೋಗಿದ್ದೆವು. ಕಾಕಾ ಇಸ್ತ್ರಿ ಮಾಡಿದ ಧೋತರ ಉಟ್ಟು, ಯಾರೂ ಕೇಳದಿದ್ದರೂ ಬಂದವರಿಗೆಲ್ಲ ಖುರ್ಚಿ ತೋರಿಸುತ್ತಾ ಓಡಾಡುತ್ತಿದ್ದ. ಚಿತ್ರದ ಮೇಲಿನ ಪರದೆ ಸರಿಸಿದರು. ಚಪ್ಪಾಳೆ ಬಿತ್ತು. ಆಮೇಲೆ ಪುಂಡಲೀಕಪ್ಪನವರು ಗಾಜಿನ ಮೇಲೆ ಹಣೆಯ ಜಾಗಕ್ಕೆ ವಿಭೂತಿ, ಕುಂಕುಮ ಹಚ್ಚಿದರು. ಮುಂದೆ ಸಮೆಯ ದೀಪ ಹಚ್ಚಿದರು, ಕಾಯಿ ಒಡೆದರು. ಚೆಂಡು ಹೂವಿನ ದಪ್ಪನೆಯ ಮಾಲೆಯನ್ನು ಇಬ್ಬರು ಏಣಿ ಹತ್ತಿ ಚೌಕಟ್ಟಿನ ಮೇಲಿನ ಮೊಳೆಗಳಿಗೆ ಹಾಕಿದರು. ಮಾಲೆ ಕಾಕಾನ ಮುಖದ ಎರಡೂ ಮಗ್ಗುಲಿಗೆ ಇಳಿದು ನಿಂತಿತು.

ನನ್ನ ಮಗ್ಗುಲಿಗೆ ಕುಳಿತಿದ್ದ ಚಿಗವ್ವ ನನ್ನ ರಟ್ಟೆ ಹಿಡಿದಳು. ಬಳೆ ಒತ್ತಿ ನೋವಾಯಿತು. "ಇದ್ದ ಮನಶ್ಯಾನ ಮುಖಕ್ಕ ಮಾಲಿ ಹಾಕ್ಯಾರಲ್ಲ, ಕಾಂಚನಾ," ಎಂದಳು.

ನನಗೂ ಹಾಗೇ ಅನ್ನಿಸಿತು. ಸುಳ್ಳು ಹೇಳಲಾರೆ. ನನ್ನ ವೃತ್ತಿಯೇ ಅದು. ಯಾರಾದರೂ ಫೋಟೋ ತಂದರೆ ನಾನು ಮೊದಲು ಕೇಳುವುದು ಇದ್ದಾರೋ, ಹೋಗಿದ್ದಾರೋ ಎಂದು. ಹೋದವರ ಫೋಟೋಕ್ಕೆ ಮಾಲೆಯ ಮೊಳೆ ಹೊಡೆಯುತ್ತೇನೆ, ಇದ್ದವರದ್ದಕ್ಕೆ ಹೊಡೆಯುವುದಿಲ್ಲ. ಗೋಡೆಯ ಮೇಲೆ ಮಾಲೆ, ಕುಂಕುಮ, ದೀಪ ಕಂಡರೆ ನಮ್ಮ ಕಡೆ ಯಾರೂ ಮುಂದೆ ಕೇಳುವುದಿಲ್ಲ, ಯಾವಾಗ ತೀರಿಕೊಂಡರು ಎಂದಷ್ಟೇ ಕೇಳುತ್ತಾರೆ. ದೊರೆ ಸತ್ತು ಎಷ್ಟು ಕಾಲವಾಯಿತು, ಮೊಳೆ ಹೊಡೆದದ್ದು ಸರಿಯೇ. ಮುಖ ಮಾತ್ರ ಆ ಹೊತ್ತಿಗೆ ಅಲ್ಲೇ ಕೊನೆಯ ಸಾಲಿನಲ್ಲಿ ಖುರ್ಚಿ ಎಳೆಯುತ್ತಿತ್ತು.

ಚಿಗವ್ವ ಎದ್ದು ನೇರ ವೇದಿಕೆಗೆ ಹೋದಳು. ಮಾಲೆ ತೆಗೆಯಿರಿ ಎಂದಳು. ಪುಂಡಲೀಕಪ್ಪನವರು ಮೊದಲು ನಕ್ಕರು, ಆಮೇಲೆ ಸಮಾಧಾನ ಹೇಳಿದರು, ಇದು ನಿನ್ನ ಗಂಡ ಅಲ್ಲ ತಂಗಿ, ದೊರೆ ಎಂದರು. ಅವಳು ಹೇಳಿದ ಮಾತು ಮೈಕಿನಲ್ಲಿ ಇಡೀ ಭವನಕ್ಕೆ ಕೇಳಿತು. "ದೊರಿನ್ನ ನಾ ಕಂಡಿಲ್ರಿ. ಈ ಮೂಗಿನ ಕೂಡ ನಾ ಸಂಸಾರ ಮಾಡೀನಿ." ಮಂದಿ ಬಿದ್ದು ಬಿದ್ದು ನಕ್ಕರು. ಕಾಕಾನೂ ನಕ್ಕ. ಅವಳು ಸೆರಗು ಬಾಯಿಗೆ ಹಚ್ಚಿಕೊಂಡು ಹೊರಗೆ ಹೋದಳು.

ಅಂದಿನಿಂದ ಅವಳಿಗೆ ನೆಲೆ ಇಲ್ಲದಾಯಿತು. ಸೋಮವಾರ ಮಾಲೆ, ಅಮಾವಾಸ್ಯೆಗೆ ಮಾಲೆ, ಯಾರಾದರೂ ದೊಡ್ಡವರು ಬಂದರೆ ಮಾಲೆ. ಇವಳು ಪ್ರತಿ ಸಲ ಲಕ್ಷ್ಮೇಶ್ವರಕ್ಕೆ ಹೋಗಿ ಕಾವಲುಗಾರ ತಿರಕಪ್ಪನ ಕಾಲು ಹಿಡಿಯುವಳು. ಅವನು ಏನು ಮಾಡಿಯಾನು. ಕಾಕಾನಿಗೆ ನೆಗಡಿಯಾದರೆ ಮಾಲೆಯಿಂದ, ಗಾಡಿ ಪಂಕ್ಚರ್ ಆದರೆ ಮಾಲೆಯಿಂದ. ಬೆಳಿಗ್ಗೆ ಅವನು ಏಳುವುದು ತಡವಾದರೆ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದಳಂತೆ. ಎರಡು ದಿನಕ್ಕೊಮ್ಮೆ ನನ್ನ ಅಂಗಡಿಗೆ ಬಂದು ಕೂರುವಳು, ಕುಳಿತವಳು ಏಳುವಳು, ಎದ್ದವಳು ಮತ್ತೆ ಕೂರುವಳು. ನೋಡಿ ನೋಡಿ ನನಗೂ ರಾತ್ರಿ ಊಟ ಸೇರದಾಯಿತು.

ಕಾಕಾನದ್ದು ಬೇರೆಯೇ ಲೋಕ. ಟಂಟಂ ಸ್ಟ್ಯಾಂಡಿನಲ್ಲಿ ಎಲ್ಲರೂ ಅವನನ್ನು ದೊರೆ ಎಂದು ಕರೆಯತೊಡಗಿದ್ದರು. ಗಾಡಿ ಖಾಲಿ ಇದ್ದಾಗಲೆಲ್ಲ ಭವನಕ್ಕೆ ಹೋಗಿ ತನ್ನನ್ನು ತಾನು ನೋಡಿ ಬರುತ್ತಿದ್ದ. ಒಂದು ದಿನ ಅವನನ್ನು ಹಿಡಿದು ನಿಲ್ಲಿಸಿ ಚೆನ್ನಾಗಿ ಬೈದೆ. ಹೆಂಡತಿ ಒಣಗಿ ಹೋಗುತ್ತಿದ್ದಾಳೆ, ನಿನಗೆ ನಾಚಿಕೆ ಇಲ್ಲವೇ, ಬೇಡ ಎಂದು ಸಮಿತಿಯವರಿಗೆ ನೀನೇ ಹೇಳು ಎಂದೆ. ಚಿಗವ್ವನೂ ಅಲ್ಲೇ ಇದ್ದಳು. ಅವನು ಎಂದೂ ಆಡದ ಮಾತು ಆಡಿದ. "ಗಾಡ್ಯಾಗ ಕುಂತಾವ್ರಿಗೆ ನನ್ನ ಬೆನ್ನಷ್ಟ ಕಾಣತೈತಿ. ಇಷ್ಟ ವರ್ಷ ಎಲ್ಲಾರೂ ಬೆನ್ನ ನೋಡ್ಯಾರ. ಈಗ ಮುಖ ನೋಡಾಕತ್ತಾರ. ಅದೊಂದನ್ನ ಕಸಗೋಬ್ಯಾಡ್ರಿ."

"ನನಗ ಬೆನ್ನ ಸಾಕು," ಎಂದಳು ಚಿಗವ್ವ. "ದಿನಾ ಹೊಳ್ಳಿ ಮನಿಗೆ ಬರೂ ಬೆನ್ನ ಸಾಕು."

ಅವನು ಗಾಡಿ ಹತ್ತಿ ಹೋದ. ನನಗೆ ಇಬ್ಬರ ಮೇಲೂ ಸಿಟ್ಟು, ಇಬ್ಬರ ಮೇಲೂ ಕನಿಕರ.

ಶಿವರಾತ್ರಿ ಮುಂದೆ ಇದ್ದಾಗ ಶಿಗ್ಲಿಯ ದಾರಿಯಲ್ಲಿ ಎಮ್ಮೆಯೊಂದು ಅಡ್ಡ ಬಂದು ಟಂಟಂ ಮಗ್ಗುಲಾಯಿತು. ಕುಳಿತವರಿಗೆ ತರಚಿದ ಗಾಯ, ಕಾಕಾನ ಎಡಗೈ ಮುರಿಯಿತು. ಗದಗಿನ ದವಾಖಾನೆಯಲ್ಲಿ ಪ್ಲಾಸ್ಟರು ಹಾಕಿದರು. ಇಂಥದು ಎಲ್ಲರಿಗೂ ಆಗುತ್ತದೆ ಎಂದು ಡಾಕ್ಟರರು ಹೇಳಿದರು, ನಾನು ಹೇಳಿದೆ, ಮಗಳು ಹೇಳಿದಳು. ಚಿಗವ್ವ ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ, ಅಳಲೂ ಇಲ್ಲ. ಸೀದಾ ನನ್ನ ಅಂಗಡಿಗೆ ಬಂದು ಅಟ್ಟ ಹತ್ತಿದಳು. ನಾನು ಹಿಂದೆಯೇ ಹೋದೆ. ನನ್ನ ಗಂಡನ ಮುಖ ಅಳಿಸು ಎಂದು ನಂದೀಶನ ಮುಂದೆ ನಿಂತಳು.

ನಂದೀಶ ಒಳ್ಳೆಯವನು. ಮುಖ ಬದಲಿಸುತ್ತೇನೆ, ಮೇಲಿನ ಎಣ್ಣೆ ಮಸುಕಾಗಿದೆ, ಮತ್ತೊಮ್ಮೆ ಹಚ್ಚಬೇಕೆಂದು ನೆವ ಹೇಳಿ ಚಿತ್ರವನ್ನು ಇಲ್ಲಿಗೆ ತರಿಸುತ್ತೇನೆ ಎಂದ. ಆದರೆ ಯಾರ ಮುಖ ಬರೆಯುವುದು? ಮನಸ್ಸಿನಿಂದ ಬರೆದರೆ ಗೊಂಬೆಯಾಗುತ್ತದೆ. ಬೇರೆ ಯಾರನ್ನಾದರೂ ಕೂರಿಸಿದರೆ ಅವರ ಮನೆಯವರೂ ನಾಳೆ ಹೀಗೇ ಬಂದು ನಿಲ್ಲುತ್ತಾರೆ. ಸತ್ತವರ ಫೋಟೋ ನೋಡಿ ಬರೆಯೋಣವೆಂದರೆ ಅವನ ಶೈಲಿಗೆ ಅದು ಸಾಲದು, ಬೆಳಕು ಬೀಳುವ ನಿಜವಾದ ಗಲ್ಲ, ನಿಜವಾದ ಮೂಗು ಬೇಕು. ಹೀಗೆ ತಲೆ ಕೆರೆದುಕೊಂಡು ಕುಳಿತ.

"ನನ್ನ ಮುಖ ಬರಿ," ಎಂದಳು ಚಿಗವ್ವ.

ನಂದೀಶ ಅವಳನ್ನೇ ನೋಡಿದ. ಅವಳು ಶಾಂತವಾಗಿಯೇ ಹೇಳಿದಳು. "ಗಂಡನ್ನ ಬಿಟ್ಟ ಮೊದಲ ಹೋದ್ರ ನಮಗ ಅದು ಪುಣ್ಯ. ಮುತ್ತೈದಿ ಸಾವು. ನನ್ನ ಮುಖಕ್ಕ ಮಾಲಿ ಬಿದ್ರ ಬೀಳ್ಲಿ. ಮೀಸಿ ಅವನದ ಇಡು, ಮೀಸಿಗೇನ ಜೀವ ಇರೂದಿಲ್ಲ."

ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಹುಚ್ಚು ಹಿಡಿದಿದೆಯೇ ನಿನಗೆ ಎಂದು ಗದರಿದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ನಂದೀಶ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. ಈ ಶೈಲಿಯಲ್ಲಿ ಮುಖ ಗಂಡಸಿನದೂ ಅಲ್ಲ, ಹೆಂಗಸಿನದೂ ಅಲ್ಲ, ಕಲ್ಲಿನದು, ಆಗುತ್ತದೆ ಎಂದ. ಕಾಕಾನಿಗೆ ಹೇಳಬಾರದೆಂದು ನಮ್ಮ ಮೂವರಲ್ಲಿ ಮಾತಾಯಿತು.

ಅವನು ಕೈ ಕಟ್ಟಿಕೊಂಡು ಮನೆಯಲ್ಲಿದ್ದ ದಿನಗಳಲ್ಲೇ ಆ ಕೆಲಸ ನಡೆಯಿತು. ಅವಳು ಅದೇ ಅಟ್ಟದಲ್ಲಿ, ಅವನು ಕುಳಿತಿದ್ದ ಜಾಗದಲ್ಲಿ, ಪೇಟ ಸುತ್ತಿಕೊಂಡು ಕುಳಿತಳು. ನಂದೀಶ ಹಣೆ ಕಿರಿದು ಮಾಡಿದ, ಮೂಗಿನ ಬಾಗು ತೆಗೆದ, ಕಣ್ಣುಗಳನ್ನು ಅವಳ ಕಣ್ಣು ಮಾಡಿದ. ಮೀಸೆ ಹಾಗೇ ಉಳಿಯಿತು. ನಾನು ಮತ್ತೆ ಚೌಕಟ್ಟು ಹಾಕಿದೆ. ಚಿತ್ರ ಹೊಳ್ಳಿ ಗೋಡೆ ಹತ್ತಿದ ದಿನ ಪುಂಡಲೀಕಪ್ಪನವರು ದೂರ ನಿಂತು, ಹತ್ತಿರ ನಿಂತು ನೋಡಿ, ಎಣ್ಣೆ ಹಚ್ಚಿದ ಮೇಲೆ ಈಗ ದೊರೆಗೆ ಖರೆ ಕಳೆ ಬಂತು ಎಂದರು. ಊರಲ್ಲಿ ಒಬ್ಬರಿಗೂ ಅವಳ ಗುರುತು ಸಿಗಲಿಲ್ಲ. ಮಾಲೆ ಬಿತ್ತು. ಚಿಗವ್ವ ಅಂದು ಹೋಗಿ ಅದನ್ನು ಕಣ್ಣಾರೆ ನೋಡಿ ಬಂದು, ಎಷ್ಟೋ ತಿಂಗಳ ಮೇಲೆ ಗಡದ್ದಾಗಿ ಮಲಗಿದಳಂತೆ.

ಪ್ಲಾಸ್ಟರು ಬಿಚ್ಚಿದ ಮೇಲೆ ಕಾಕಾ ಭವನಕ್ಕೆ ಹೋದ. ಹೋಗಿ ಏನು ನೋಡಿದ, ಎಷ್ಟು ಹೊತ್ತು ನಿಂತ ಎಂದು ತಿರಕಪ್ಪನೇ ಆಮೇಲೆ ನನಗೆ ಹೇಳಿದ್ದು. ಏಣಿ ಎಲ್ಲಿದೆ ಎಂದು ಕೇಳಿದನಂತೆ. ಮಾಲೆ ತೆಗೆದುಕೊಂಡು ಹೋದನಂತೆ. ಮನೆಯಲ್ಲಿ ಒಂದು ಅಕ್ಷರ ಆಡಲಿಲ್ಲ. ಮುಂದಿನ ಸೋಮವಾರವೂ ಮಾಲೆ ಮಾಯ, ಅದರ ಮುಂದಿನ ಸೋಮವಾರವೂ ಮಾಯ. ಪುಂಡಲೀಕಪ್ಪನವರು ನನಗೆ ಫೋನು ಮಾಡಿ, ನಿನ್ನ ಕಾಕಾ ದೊರೆಗೆ ಅಪಮಾನ ಮಾಡುತ್ತಿದ್ದಾನೆ, ಬಂದು ಬುದ್ಧಿ ಹೇಳು ಎಂದು ರೇಗಿದರು. ನಾನು ಚಿಗವ್ವನನ್ನು ಕರೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಅವಳದು ಒಂದೇ ಮಾತು, ತನ್ನ ಮುಖ ತೆಗೆದರೆಂದು ಅವನಿಗೆ ಸಿಟ್ಟು, ಹಟಮಾರಿ, ಮಂದಿ ಮುಂದೆ ನನ್ನ ಮಾನ ಕಳೆಯುತ್ತಾನೆ ಎಂದು.

ನಾವು ಹೋದಾಗ ಭವನದಲ್ಲಿ ಮೂವರೇ ಇದ್ದರು. ಕಾಕಾ ಏಣಿಯ ಮೇಲೆ, ಕೈಯಲ್ಲಿ ಮಾಲೆ. ತಿರಕಪ್ಪ ಏಣಿ ಹಿಡಿದುಕೊಂಡಿದ್ದ. ಕೆಳಗೆ ಪುಂಡಲೀಕಪ್ಪನವರು, ಮೊನ್ನೆ ತನಕ ಈ ಮಾಲೆ ನೋಡಿ ಹಿಗ್ಗುತ್ತಿದ್ದೆ, ಈಗ ಅದನ್ನೇ ಯಾಕೆ ಕೀಳುತ್ತೀ ಎಂದು ಕೂಗಾಡುತ್ತಿದ್ದರು. ಕಾಕಾ ಇಳಿದು ಬಂದ. ಅವರ ಕಡೆ ನೋಡಲಿಲ್ಲ. ಚಿಗವ್ವನ ಎದುರಿಗೆ ಬಂದು ನಿಂತ.

"ಯಾರನ್ನ ಕೇಳಿ ಕುಂತಿ ಅಲ್ಲೆ?" ಎಂದ.

ಮುಖ ತನ್ನದೆಂದು ಅವನಿಗೆ ಗೊತ್ತಾಗಿ ಹೋಗಿದೆ ಎಂದು ಅವಳಿಗೆ ಆಗಲೇ ತಿಳಿದದ್ದು. ಆದರೂ ಸೋಲುವವಳಲ್ಲ. ನಿನ್ನನ್ನು ಕೇಳಿದ್ದರೆ ಬಿಡುತ್ತಿದ್ದೆಯಾ ಎಂದು ತಿರುಗಿ ಬಿದ್ದಳು. ಮಾಲೆ ಮತ್ತೆ ಹಾಕು ಎಂದಳು. ಹಾಕುವುದಿಲ್ಲ ಎಂದ. ನಾನು ಮೊದಲು ಹೋಗುವವಳು, ಅದು ನನ್ನ ಹಕ್ಕು ಎಂದಳು. ಅದು ಹೇಗೆ ಹೋಗುತ್ತೀ ನೋಡುತ್ತೇನೆ, ವಯಸ್ಸಿನಲ್ಲಿ ದೊಡ್ಡವನು ನಾನು, ಮೊದಲು ನಾನು ಎಂದ. ಇಬ್ಬರ ದನಿಯೂ ಏರಿತು. ಖಾಲಿ ಭವನದಲ್ಲಿ ಗಂಡ ಹೆಂಡತಿ ನಿಂತು ಯಾರು ಮೊದಲು ಸಾಯಬೇಕೆಂದು ಜಗಳವಾಡುತ್ತಿದ್ದರು. ಪುಂಡಲೀಕಪ್ಪನವರು ಒಮ್ಮೆ ಗೋಡೆ ನೋಡಿದರು, ಒಮ್ಮೆ ಚಿಗವ್ವನ ಮುಖ ನೋಡಿದರು, ಮತ್ತೆ ಗೋಡೆ ನೋಡಿದರು. ಮೆಲ್ಲಗೆ ಒಂದು ಖುರ್ಚಿ ಎಳೆದುಕೊಂಡು ಕುಳಿತರು. ಇನ್ನು ಮುಂದೆ ಹೂವು ಪಾದದ ಹತ್ತಿರ ಇಟ್ಟರಾಯಿತು, ಈ ಮಾತು ಮಾತ್ರ ವಂಶದವರ ಕಿವಿಗೆ ಬೀಳಬಾರದು ಎಂದು ನನಗೂ ತಿರಕಪ್ಪನಿಗೂ ಕೈ ಮುಗಿದರು. ಅವರಿಬ್ಬರಿಗೆ ಅದು ಕೇಳಿಸಲೇ ಇಲ್ಲ.

"ನನ್ನ ಪುಣ್ಯಕ್ಕ ಯಾಕ ಅಡ್ಡ ಬರ್ತಿ?" ಎಂದಳು ಚಿಗವ್ವ. ಅಷ್ಟು ದಿನ ತಡೆದದ್ದೆಲ್ಲ ಈಗ ಕಣ್ಣಿನಿಂದ ಇಳಿಯುತ್ತಿತ್ತು.

"ನಿನಗ ಪುಣ್ಯ ಬೇಕಾಗೇತಿ, ಸಿದ್ದಲಿಂಗಿ," ಎಂದ ಕಾಕಾ. "ನನಗ ನೀ ಬೇಕು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅವನ ಕೈಯಲ್ಲಿದ್ದ ಮಾಲೆಯನ್ನು ಕಸಿದುಕೊಂಡು ಹೊರಗೆ ನಡೆದಳು. ಭವನದ ಮೆಟ್ಟಿಲ ಹತ್ತಿರ ಒಂದು ಬಿಡಾಡಿ ಆಕಳು ನಿಂತಿತ್ತು. ಮಾಲೆಯನ್ನು ಅದರ ಬಾಯಿಗೆ ಹಿಡಿದು, ಕೊನೆಯ ಹೂವನ್ನೂ ಅದು ತಿಂದು ಮುಗಿಸುವ ತನಕ ಅಲ್ಲೇ ನಿಂತಳು.